ಗ್ರಾಫ್ ಹಾಳೆಯ ಬಂಗುಡೆಗಳು

ಮದುವೆ ಊಟಕ್ಕೆ ಕೂತಾಗ ಪಕ್ಕದವರು "ನೀವು ಎಂತ ಕೆಲಸದಲ್ಲಿ ಇದ್ದದ್ದು?" ಎಂದು ಕೇಳುವುದುಂಟು. ಈ ಪ್ರಶ್ನೆಗೆ ನಾನು ಮೂರು ಕಾಲದಲ್ಲಿ ಮೂರು ಉತ್ತರ ಕೊಟ್ಟಿದ್ದೇನೆ. ಮೊದಮೊದಲು ಪೂರ್ತಿ ಹೇಳುತ್ತಿದ್ದೆ: "ಯಾದೃಚ್ಛಿಕ ಕಂಪನಕ್ಕೆ ಸಿಕ್ಕಿದ ರಚನೆಗಳ ಹಿಸ್ಟರಿಸಿಸ್‌ಗೆ ಗಣಿತದ ಮಾದರಿ ಕಟ್ಟುವುದು." ಕೇಳಿದವರು ಸಾರು ಬಡಿಸುವವನ ಕಡೆಗೆ ತಿರುಗಿಬಿಡುತ್ತಿದ್ದರು. ಆಮೇಲೆ ಬರೀ "ಎಂಜಿನಿಯರು" ಎಂದು ನೋಡಿದೆ. ಆಗ ತಮ್ಮ ಮನೆಯ ಬಚ್ಚಲಿನ ಸೋರಿಕೆಗೆ ಪರಿಹಾರ ಕೇಳಿದರು. ಕೊನೆಕೊನೆಗೆ "ಅಲುಗಾಡುವುದನ್ನು ನೋಡುವ ಕೆಲಸ" ಎಂದು ಹೇಳಿ ಪಾಯಸಕ್ಕೆ ಕೈ ಹಾಕುತ್ತಿದ್ದೆ. ಸತ್ಯಕ್ಕೆ ಹತ್ತಿರದ ಉತ್ತರ ಅದೇ.

ಮಂಗಳೂರು ಹಂಪನಕಟ್ಟೆಯ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಮಕ್ಕಳು ಮೊನ್ನೆ ಮನೆಗೆ ಬಂದು, "ವಾರಿಜಾ ಮೇಡಂ, ನಿಮ್ಮ ಅನುಭವ ಬರೆದು ಕೊಡಿ" ಎಂದರು. ಬಡ್ತಿ ಸಿಕ್ಕಿದ್ದು, ಕುರ್ಚಿಗೆ ಗಾಲಿ ಬಂದದ್ದು ಇದೆಲ್ಲ ನಿಮಗೆ ಬೇಡ. ನಾನು ಬರೆಯಬೇಕಾದದ್ದು ಒಂದು ತಪ್ಪು ಸಹಿಯ ವಿಷಯ. ಪಣಂಬೂರಿನ ಒಂದು ಉಕ್ಕಿನ ಗೋಪುರ ಗಟ್ಟಿ ಇದೆ ಎಂದು ನಾನು ಸಹಿ ಹಾಕಿದೆ. ಆ ಸಹಿಯನ್ನು ನಂಬಿ ಆರು ಜನ ದಿನಾ ಅದರ ಮೇಲೆ ನಿಂತು ಕೆಲಸ ಮಾಡಿದರು. ಲೆಕ್ಕ ತಪ್ಪಿತ್ತು. ನೇರವಾಗಿ ಶುರುಮಾಡಲು ಈಗಲೂ ನಾಚಿಕೆಯಾಗುತ್ತದೆ, ಹಾಗಾಗಿ ಸ್ವಲ್ಪ ಸುತ್ತಿಕೊಂಡು ಬರುತ್ತೇನೆ.

ಆಫೀಸಿನ ಯಜಮಾನರು ಕಾಮತ್ ಸರ್. ಕಟ್ಟಡ, ಸೇತುವೆ, ಯಂತ್ರ ಹೊತ್ತ ಗೋಪುರ, ಯಾವುದು ಎಷ್ಟು ಅಲುಗುತ್ತದೆ, ಅಲುಗಿದರೆ ತಡೆದುಕೊಳ್ಳುತ್ತದೆಯೇ ಎಂದು ಪರೀಕ್ಷೆ ಮಾಡಿ ಹೇಳುವುದು ಆಫೀಸಿನ ಕಸುಬು. ಕೋಪ ಬಂದರೆ ಅವರು ಬೈಯುತ್ತಿರಲಿಲ್ಲ, ಕನ್ನಡಕ ಒರೆಸುತ್ತಿದ್ದರು. ಜಾಸ್ತಿ ಕೋಪ ಬಂದರೆ ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಸಂದರ್ಶನಕ್ಕೆ ಹೋಗುವಾಗ ನಾನು ವಾರವಿಡೀ ಸಮೀಕರಣ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ನನ್ನ ಫೈಲನ್ನು ತೆರೆಯಲೇ ಇಲ್ಲ.

"ಹೇರ್‌ಪಿನ್ ಉಂಟಾ?" ಎಂದು ಕೇಳಿದರು.

ಗಾಬರಿಯಲ್ಲಿ ತಲೆಯಿಂದ ಒಂದನ್ನು ತೆಗೆದು ಚಾಚಿದೆ.

"ನನಗೆ ಎಂತಕ್ಕೆ? ನೀವೇ ಬಗ್ಗಿಸಿ. ಇನ್ನು ನೇರ ಮಾಡಿ. ಪುನಃ ಬಗ್ಗಿಸಿ. ಪುನಃ."

ಹತ್ತು ಹನ್ನೆರಡು ಸಲ ಆಯಿತು.

"ಈಗ ಮೊದಲಿನ ಹಾಗೆ ಉಂಟಾ?"

"ನೋಡ್ಲಿಕ್ಕೆ ಹಾಗೇ ಉಂಟು ಸರ್. ಆದ್ರೆ ಬಿಸಿ ಆಗಿದೆ."

"ಸೋಮವಾರದಿಂದ ಬನ್ನಿ," ಎಂದರು. ಅರ್ಧ ಕೂದಲು ಬಿಚ್ಚಿಕೊಂಡೇ ಬಸ್ಸು ಹತ್ತಿ ಮನೆಗೆ ಹೋದೆ. ಅಮ್ಮ ಸಂದರ್ಶನದಲ್ಲಿ ಹೊಡೆದಾಟ ಆಯಿತೋ ಎಂದು ಕೇಳಿದರು.

ನಾನು ಮೂವತ್ತು ವರ್ಷ ದುಡಿದ ವಿಷಯವೆಲ್ಲ ಆ ಹೇರ್‌ಪಿನ್ನಿನಲ್ಲಿ ಇತ್ತು. ಹಂಪನಕಟ್ಟೆಯ ಸಿಟಿ ಬಸ್ಸಿಗೆ ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಬಸ್ಸು ಈಗ ಎಲ್ಲಿದೆ ಎಂದು ಗೊತ್ತಾದರೆ ಸಾಲದು, ಯಾವ ಕಡೆಯಿಂದ ಬಂತು ಎಂದೂ ಗೊತ್ತಿರಬೇಕು. ಬೋಲ್ಟು ಹಾಕಿ ಬಿಗಿದ ಉಕ್ಕಿನ ಜೋಡಣೆಯೂ ಹಾಗೆಯೇ. ತಳ್ಳಿದರೆ ಒಂದು ದಾರಿಯಲ್ಲಿ ಹೋಗುತ್ತದೆ, ಬಿಟ್ಟರೆ ಇನ್ನೊಂದು ದಾರಿಯಲ್ಲಿ ಬರುತ್ತದೆ. ತಳ್ಳಿದ ಬಲವನ್ನೂ ಸರಿದ ದೂರವನ್ನೂ ಗ್ರಾಫ್ ಹಾಳೆಯಲ್ಲಿ ಗುರುತು ಮಾಡುತ್ತ ಹೋದರೆ ಎರಡು ದಾರಿಗಳ ನಡುವೆ ಒಂದು ಮುಚ್ಚಿದ ಆಕಾರ ಮೂಡುತ್ತದೆ. ಇದೇ ಹಿಸ್ಟರಿಸಿಸ್ ಲೂಪು. ಅದರೊಳಗಿನ ಜಾಗ ಎಷ್ಟೋ, ಜೋಡಣೆ ಅಲುಗಾಟದಿಂದ ನುಂಗಿಕೊಂಡ ಶಕ್ತಿ ಅಷ್ಟು. ನುಂಗಿದ್ದು ಬಿಸಿಯಾಗಿ ಹೋಗುತ್ತದೆ. ಹೆಚ್ಚು ನುಂಗುವ ಜೋಡಣೆ ಇದ್ದರೆ ಗೋಪುರ ಕಡಿಮೆ ಅಲುಗುತ್ತದೆ.

ಜೋಡಣೆಗೆ ಹಿಂದಿನದು ನೆನಪಿರುವುದರಿಂದ ಸಮೀಕರಣದಲ್ಲಿ ಆ ನೆನಪನ್ನು ಹೊರಲು ಬೇರೆಯೇ ಒಂದು ಅಕ್ಷರ ಇಡಬೇಕಾಗುತ್ತದೆ. ಕಾಮತ್ ಸರ್ ಅದಕ್ಕೆ ಸೋದರತ್ತೆ ಎಂದು ಹೆಸರಿಟ್ಟಿದ್ದರು. ಕಣ್ಣಿಗೆ ಬೀಳುವುದಿಲ್ಲ, ಆದರೆ ಹಳೆಯದೊಂದನ್ನೂ ಮರೆಯುವುದಿಲ್ಲ ಎಂದು ಅವರ ವಿವರಣೆ. ಈಗ ನಾನೇ ನಾಲ್ಕು ಮಕ್ಕಳಿಗೆ ಸೋದರತ್ತೆ, ಆ ಮಾತನ್ನು ಇನ್ನೂ ಕ್ಷಮಿಸಿಲ್ಲ.

ಪರೀಕ್ಷೆಗಳು ನಡೆಯುತ್ತಿದ್ದದ್ದು ಪಡೀಲಿನ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿಯ ಸಹಾಯಕರು ಫೆಲಿಕ್ಸ್, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಾವೆಲ್ಲ, ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವ ಹಾಗೆ, ಪೊರ್ಬುಗಳೇ ಎಂದು ಕರೆಯುತ್ತಿದ್ದೆವು. ಅವರಿಗೆ ಸಮೀಕರಣ ಬರುತ್ತಿರಲಿಲ್ಲ, ಆದರೆ ಲೂಪಿನ ಆಕಾರ ನೋಡಿ, ಅದಕ್ಕೊಂದು ಮೀನಿನ ಹೆಸರಿಟ್ಟು ಜೋಡಣೆಯ ಜಾತಕ ಹೇಳುತ್ತಿದ್ದರು. ಅಗಲವಾಗಿ ತುಂಬಿಕೊಂಡ ಲೂಪು ಮಾಂಜಿ. ಮಧ್ಯಮದ್ದು ಬಂಗುಡೆ. ಬಡಕಲು ಬೂತಾಯಿ. ನಾನು ಮೀನುಗಾರರ ಮನೆಯವಳು, ಅಮ್ಮ ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದವರು. ಪಾಠದ ಪುಸ್ತಕದ ಹೆಸರುಗಳಿಗಿಂತ ಈ ಹೆಸರುಗಳು ನನಗೆ ಬೇಗ ಹತ್ತಿದವು. ಎಷ್ಟು ಹತ್ತಿದವು ಎಂದರೆ, ಒಮ್ಮೆ ಗಿರಾಕಿಯೊಬ್ಬರಿಗೆ ಹೋದ ವರದಿಯಲ್ಲಿ "ಮೂರನೇ ಜೋಡಣೆ ಬೆಳಿಗ್ಗೆ ಮಾಂಜಿ, ಸಂಜೆಗೆ ಬೂತಾಯಿ" ಎಂದು ಹಾಗೆಯೇ ಟೈಪಾಗಿ ಹೋಯಿತು. ಅವರು ಫೋನು ಮಾಡಿ, "ನಾವು ಕೇಳಿದ್ದು ಚಾವಣಿಯ ವರದಿ, ನೀವು ಹೋಟೆಲಿನ ಮೆನು ಕಳಿಸಿದ್ದೀರಿ" ಎಂದರು. ಕಾಮತ್ ಸರ್ ಕನ್ನಡಕ ಒರೆಸಿದರು. ಆಮೇಲೆ "ಬೂತಾಯಿಗೆ ಇಳಿದದ್ದು ನಿಜವಾ?" ಎಂದು ಕೇಳಿದರು. ನಿಜ ಎಂದೆ. "ಹಾಗಾದ್ರೆ ವರದಿ ಸರಿ ಉಂಟು, ಭಾಷೆ ಮಾತ್ರ ತಿದ್ದಿ" ಎಂದರು.

ಇನ್ನೊಂದು ಸಲ ನಾನು ಅಳತೆಯ ಎರಡು ವಯರುಗಳನ್ನು ಅದಲುಬದಲು ಸಿಕ್ಕಿಸಿದ್ದೆ. ಲೂಪು ಚೆಂದವಾಗಿಯೇ ಬಂತು, ಆದರೆ ಗ್ರಾಫ್ ಎಳೆಯುವ ಯಂತ್ರದ ಪೆನ್ನು ಅದನ್ನು ತಿರುಗುಮುರುಗಾಗಿ ಸುತ್ತುತ್ತಿತ್ತು. ಹಾಗೆ ಸುತ್ತಿದರೆ ಜೋಡಣೆ ಶಕ್ತಿಯನ್ನು ನುಂಗುತ್ತಿಲ್ಲ, ಹೊರಗೆ ಕೊಡುತ್ತಿದೆ ಎಂದು ಅರ್ಥ. ನಾನು ಅದನ್ನು ಗಮನಿಸದೆ ನಾಲ್ಕು ದಿನ ಲೆಕ್ಕ ಮಾಡಿದೆ. ಕಾಮತ್ ಸರ್ ಹಾಳೆ ನೋಡಿ ತುಂಬ ಗೌರವದಿಂದ ಎದ್ದು ನಿಂತರು.

"ಮಾರಾಯ್ತಿ, ಕರೆಂಟು ಆಫೀಸಿಗೆ ಕಾಗದ ಬರೆಯುವ. ಪಡೀಲಿನಲ್ಲಿ ನಾಲ್ಕು ಬೋಲ್ಟು ಉಂಟು, ಅಲುಗಾಡಿಸಿದ್ರೆ ಇಡೀ ಮಂಗಳೂರಿಗೆ ಬೆಳಕು ಕೊಡ್ತದೆ."

ನೀವೆಲ್ಲ ಈಗ ಲೂಪಿನೊಳಗಿನ ಜಾಗವನ್ನು ಕಂಪ್ಯೂಟರಿನಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆಯುತ್ತೀರಿ. ನಾವು ಅದನ್ನು ತಕ್ಕಡಿಗೆ ಹಾಕುತ್ತಿದ್ದೆವು. ನಗಬೇಡಿ, ಪೂರ್ತಿ ಕೇಳಿ. ಗ್ರಾಫ್ ಹಾಳೆಯ ದಪ್ಪ ಎಲ್ಲ ಕಡೆ ಒಂದೇ. ಹಾಗಾಗಿ ಲೂಪನ್ನು ಕತ್ತರಿಯಿಂದ ಗೆರೆಯ ಮೇಲೆಯೇ ಕತ್ತರಿಸಿ ತೂಗಿದರೆ, ಗೊತ್ತಿರುವ ಅಳತೆಯ ಒಂದು ಚೌಕದ ತೂಕಕ್ಕೆ ಹೋಲಿಸಿ ಜಾಗ ಎಷ್ಟೆಂದು ಹೇಳಬಹುದು. ಮುಚ್ಚಿಹೋದ ಒಂದು ಶಾಲೆಯ ಪ್ರಯೋಗಶಾಲೆಯಿಂದ ತಂದ, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ನಮ್ಮಲ್ಲಿತ್ತು. ತೂಗುವಾಗ ಫ್ಯಾನು ಬಂದ್, ಮಾತು ಬಂದ್. ಹತ್ತಿರದ ಹಳಿಯಲ್ಲಿ ರೈಲು ಹೋಗುವಾಗ ಕಾಯಬೇಕು. ಪೊರ್ಬುಗಳು ಚಿಮಟದಲ್ಲಿ ಬಂಗುಡೆಯನ್ನು ಹಿಡಿದು ತಟ್ಟೆಯ ಮೇಲೆ ಮಲಗಿಸುವಾಗ ಉಸಿರು ಕೂಡ ಬಿಡುತ್ತಿರಲಿಲ್ಲ. ಚೌಕದ ತೂಕವನ್ನು ಪ್ರತಿ ಸಲ ತೂಗುವ ಗೋಜು ಬೇಡವೆಂದು ಕಾಮತ್ ಸರ್ ಒಮ್ಮೆ ತೂಗಿ, ಒಂದು ಚೀಟಿಯಲ್ಲಿ ಬರೆದು ತಕ್ಕಡಿಯ ಗಾಜಿಗೆ ಅಂಟಿಸಿದ್ದರು. ಅದು ಏಪ್ರಿಲ್ ತಿಂಗಳು. ಈ ಚೀಟಿಯನ್ನು ಸ್ವಲ್ಪ ನೆನಪಿಡಿ.

ಕಂಪ್ಯೂಟರು ಬಂದ ಮೇಲೆ ಕೆಲಸ ಸುಲಭವಾಯಿತು, ತಪ್ಪು ಮಾಡುವುದು ಇನ್ನೂ ಸುಲಭವಾಯಿತು. ಮೊದಲ ಸಲ ಅದರಲ್ಲಿ ನೀರಿನ ಟ್ಯಾಂಕಿಯೊಂದರ ಅಲುಗಾಟ ಲೆಕ್ಕ ಹಾಕಿದಾಗ ನಾನು ಮೀಟರನ್ನೂ ಮಿಲಿಮೀಟರನ್ನೂ ಬೆರೆಸಿದ್ದೆ. ಟ್ಯಾಂಕಿ ಗಾಳಿಗೆ ಕಾಸರಗೋಡಿನ ತನಕ ವಾಲಿ ವಾಪಸು ಬಂತು. ಯಂತ್ರ ಒಂದು ಚೂರೂ ಸಂಶಯ ಪಡದೆ ಎಂಟು ದಶಮಾಂಶ ಸ್ಥಾನಗಳವರೆಗೆ ಆ ದೂರವನ್ನು ಅಚ್ಚು ಹಾಕಿ ಕೊಟ್ಟಿತು. ಕಂಪ್ಯೂಟರು ಕನ್ನಡಕ ಒರೆಸುವುದಿಲ್ಲ, ಅದೇ ಅದರ ದೊಡ್ಡ ಕೊರತೆ.

ಇನ್ನು ಪಣಂಬೂರಿಗೆ ಬರಬೇಕು. ಇದು ಕಂಪ್ಯೂಟರಿಗೆ ಮೊದಲಿನ, ತಕ್ಕಡಿಯ ಕಾಲದ ಮಾತು.

ಬಂದರಿನ ಹತ್ತಿರ ಖಾಸಗಿಯವರ ಒಂದು ಕಲ್ಲಿದ್ದಲು ಯಾರ್ಡು ಇತ್ತು, ಈಗ ಇಲ್ಲ. ಹಡಗಿನಿಂದ ಬಂದ ಕಲ್ಲಿದ್ದಲನ್ನು ಒಂದು ಉಕ್ಕಿನ ಗೋಪುರದ ತಲೆಗೆ ಏರಿಸಿ, ಅಲ್ಲಿ ನಡುಗುವ ದೊಡ್ಡ ಜರಡಿಯಲ್ಲಿ ಸಣ್ಣದು ದೊಡ್ಡದು ಬೇರೆ ಮಾಡುತ್ತಿದ್ದರು. ಜರಡಿಯ ಸುತ್ತ ಆರು ಜನ ನಿಂತು ಕೆಲಸ ಮಾಡುತ್ತಿದ್ದರು. ಅವರ ಮೇಸ್ತ್ರಿ ಸಂಜೀವಣ್ಣ. ಐವತ್ತರ ಹತ್ತಿರದ ಆಳು, ಮಾತು ಕಡಿಮೆ. ಮಾಲೀಕರಿಗೆ ಇನ್ನೂ ದೊಡ್ಡ ಜರಡಿ ಕೂರಿಸುವ ಆಸೆ. ಗೋಪುರ ತಡೆದುಕೊಳ್ಳುತ್ತದೆಯೇ ಎಂದು ನಮ್ಮನ್ನು ಕರೆಸಿದರು. ಕಾಮತ್ ಸರ್ ಆ ಕೆಲಸವನ್ನು ಪೂರ್ತಿ ನನಗೆ ಬಿಟ್ಟರು. ನನ್ನೊಬ್ಬಳ ಸಹಿಯಲ್ಲಿ ಹೋಗಬೇಕಾದ ಮೊದಲ ವರದಿ ಅದು. ನಾನು ನೆಲದಿಂದ ಎರಡಂಗುಲ ಮೇಲೆ ನಡೆಯುತ್ತಿದ್ದೆ.

ಕಲ್ಲಿದ್ದಲಿನ ಒಂದು ಗಟ್ಟಿ ಲಿಂಬೆಯಷ್ಟು, ಇನ್ನೊಂದು ಕುಂಬಳದಷ್ಟು. ಯಾವುದು ಯಾವಾಗ ಬೀಳುತ್ತದೆ ಎಂದು ಲೆಕ್ಕವಿಲ್ಲ. ಜೊತೆಗೆ ಕಡಲ ಗಾಳಿ. ಮುಂದಿನ ಕ್ಷಣದ ಏಟು ಎಷ್ಟು ಎಂದು ಯಾರೂ ಹೇಳಲಾರರು, ಸರಾಸರಿ ಮಾತ್ರ ಹೇಳಬಹುದು. ಹೀಗೆ ಗೊತ್ತುಗುರಿಯಿಲ್ಲದ ಅಲುಗಾಟಕ್ಕೇ ಯಾದೃಚ್ಛಿಕ ಕಂಪನ ಎನ್ನುವುದು. ಆದ್ದರಿಂದ ನಮ್ಮ ಉತ್ತರವೂ "ಗೋಪುರ ಇಷ್ಟು ಅಲುಗುತ್ತದೆ" ಎಂದು ಇರುವುದಿಲ್ಲ. "ಈ ಮಿತಿಯನ್ನು ಇಷ್ಟು ಕಾಲಕ್ಕೊಮ್ಮೆ ದಾಟೀತು" ಎಂದು ಇರುತ್ತದೆ.

ವಾರವಿಡೀ ಗೋಪುರಕ್ಕೆ ವಯರು ಅಂಟಿಸಿ ಅಲುಗಾಟ ಅಳೆದೆವು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಸರಿಯಾಗಿ ಒಂದು ದೊಡ್ಡ ಏಟು ಕಾಣಿಸುತ್ತಿತ್ತು. ಗೊತ್ತುಗುರಿಯಿಲ್ಲದ ಅಲುಗಾಟದಲ್ಲಿ ಗಡಿಯಾರ ನೋಡಿ ಬರುವ ಏಟು ಹೇಗೆ ಬಂತು? ಕಾಮತ್ ಸರ್ ಮತ್ತು ನಾನು ಕೂತು ಹಡಗು, ಅಲೆ, ಕಡಲಿನ ಭರತ ಇಳಿತ ಎಂದು ಎರಡು ಪುಟ ಸಿದ್ಧಾಂತ ಬರೆದೆವು. ಪೊರ್ಬುಗಳು ಎರಡನ್ನೂ ಓದಿ ಮಡಚಿಟ್ಟರು.

"ಅದು ಚಾ, ಸರ್. ಆರು ಜನ ಒಟ್ಟಿಗೆ ಮೆಟ್ಟಿಲು ಇಳಿದು ಓಡ್ತಾರೆ."

ಸಂಜೀವಣ್ಣ ನಮ್ಮ ಉಪಕರಣಗಳನ್ನು ದೂರ ನಿಂತು ನೋಡುತ್ತಿದ್ದರು. ಒಂದು ದಿನ ಹತ್ತಿರ ಬಂದು, "ನೀವು ವಯರು ಅಂಟಿಸಿ ನೋಡ್ತೀರಿ, ನಾನು ಚಪ್ಪಲಿ ತೆಗೆದು ನೋಡ್ತೇನೆ" ಎಂದರು. ದಿನಾ ಕೆಲಸ ಶುರುವಾಗುವಾಗ ಐದು ನಿಮಿಷ ಬರಿಗಾಲಲ್ಲಿ ಹಲಗೆಯ ಮೇಲೆ ನಿಂತು ಅಂದಾಜು ಮಾಡುವುದು ಅವರ ಕ್ರಮ. ನಾನು ಒಳಗೊಳಗೇ ನಕ್ಕೆ. ಇದನ್ನೂ ಬರೆಯದೆ ಬಿಡಬಾರದು.

ಗೋಪುರದಲ್ಲಿದ್ದಂಥ ಜೋಡಣೆಗಳನ್ನೇ ಪಡೀಲಿನಲ್ಲಿ ಮಾಡಿಸಿ, ತಳ್ಳಿ ಎಳೆದು ಲೂಪು ತೆಗೆದೆವು. ಅಷ್ಟರಲ್ಲಿ ಆಟಿ, ಜಡಿಮಳೆಯ ತುಳು ತಿಂಗಳು. ಮಳೆ ಹೊಯ್ದದ್ದು ಹೇಗೆಂದರೆ ಶೆಡ್ಡಿನ ತಗಡಿನ ಸದ್ದಿನಲ್ಲಿ ನಾವು ಕೈಸನ್ನೆಯಲ್ಲೇ ಮಾತಾಡುತ್ತಿದ್ದೆವು. ಮಳೆಗಾಲದ ಕಲ್ಲಿದ್ದಲು ನೀರು ಕುಡಿದು ಭಾರವಾಗಿರುತ್ತದೆ ಎಂದು ನೆನಪಿಟ್ಟು ಅದನ್ನೂ ಲೆಕ್ಕಕ್ಕೆ ಸೇರಿಸಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಬಂಗುಡೆಗಳನ್ನು ಕತ್ತರಿಸಿ, ತೂಗಿ, ಗಾಜಿನ ಮೇಲಿನ ಚೀಟಿಯ ತೂಕದಿಂದ ಭಾಗಿಸಿ ಮಾದರಿ ಕಟ್ಟಿದೆ. ದೊಡ್ಡ ಜರಡಿ ಕೂರಿಸಿದರೂ ಮಿತಿ ದಾಟುವುದು ತೀರ ಅಪರೂಪ ಎಂದು ಬಂತು. ಅಂಚಿನಲ್ಲಿ, ಆದರೆ ಒಳಗೆ. ಸಹಿ ಹಾಕಿದೆ.

ವರದಿ ಕೊಡಲು ಹೋದ ದಿನ ಸಂಜೀವಣ್ಣ ಗೇಟಿನ ತನಕ ನನ್ನ ಜೊತೆ ಬಂದರು. "ನಾವು ಮೇಲೆ ನಿಲ್ಲಬಹುದಲ್ಲ ಮೇಡಂ?" ಎಂದು ಕೇಳಿದರು. "ಖಂಡಿತ ನಿಲ್ಲಬಹುದು" ಎಂದೆ. ದೊಡ್ಡ ಜರಡಿ ಬಂದು ಕೂತಿತು.

ಹದಿನೇಳು ದಿನ ಕಳೆಯಿತು. ಅದೊಂದು ಭಾನುವಾರ ಮಧ್ಯಾಹ್ನ. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲವಾದ್ದರಿಂದ ಅಮ್ಮ ಮನೆಯಲ್ಲೇ ಒಣಮೀನು ಮಾರುತ್ತಿದ್ದರು. ಪಕ್ಕದ ಮನೆಯ ಹೆಂಗಸು ಚೀಲ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಅಮ್ಮ ಮಾತ್ರ ಮೀನನ್ನು ಒಲೆಯ ಮೇಲಿನ ಅಟ್ಟಳಿಗೆಯಲ್ಲಿ ಹರಡಿ ಆರಾಮವಾಗಿ ಮಗುಚುತ್ತಿದ್ದರು.

"ಹಾಗೇ ತೂಗಿ ಕೊಡು ಅಮ್ಮ, ಅವರು ಎಷ್ಟು ಹೊತ್ತು ನಿಲ್ಲುದು?" ಎಂದೆ.

"ಹಾಗೇ ಹೇಗೆ ಕೊಡುದು ಮಗಾ? ಆಟಿಯಲ್ಲಿ ಒಣಮೀನು ಗಾಳಿಯಿಂದಲೇ ನೀರು ಕುಡೀತದೆ. ಬಿಸಿ ತಾಗಿಸದೆ ತೂಗಿದ್ರೆ ಭಾರ ಬರ್ತದೆ. ನೀರನ್ನು ಮೀನು ಅಂತ ತೂಗ್ಲಿಕ್ಕೆ ಆಗ್ತದಾ?"

ನಾನು ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ನಿಂತೆ.

"ದಾನೆ ಆಂಡ್?" ಎಂದರು ಅಮ್ಮ, ಏನಾಯಿತು ಎಂದು.

"ಕಾಗದ," ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನಗೆ ಪೂರ್ತಿ ಅರ್ಥವಾಗಿತ್ತು. ಒಣಮೀನು ಮಾರುವವರ ಮಗಳು ನಾನು. ಈ ತಪ್ಪನ್ನು ಬೇರೆ ಯಾರು ಮಾಡಿದರೂ ಕ್ಷಮಿಸಬಹುದಿತ್ತು.

ಮರುದಿನ ಬೆಳಿಗ್ಗೆ ಪೊರ್ಬುಗಳು ಬೀಗ ತೆಗೆಯುವ ಮೊದಲೇ ಶೆಡ್ಡಿನ ಬಾಗಿಲಲ್ಲಿದ್ದೆ. ಅದೇ ಕಟ್ಟಿನ ಗ್ರಾಫ್ ಹಾಳೆಯಿಂದ ಚೌಕ ಕತ್ತರಿಸಿ ತೂಗಿದೆವು. ಚೀಟಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಬಂತು. ಬಲ್ಬಿನ ಕೆಳಗೆ ಹತ್ತು ನಿಮಿಷ ಇಟ್ಟು ತೂಗಿದೆವು. ಚೀಟಿಯ ತೂಕಕ್ಕೆ ಇಳಿಯಿತು. ಪೊರ್ಬುಗಳು ಶಿಲುಬೆಯ ಗುರುತು ಹಾಕಿಕೊಂಡರು. ಏಪ್ರಿಲಿನ ಒಣ ಚೌಕದಿಂದ ಆಟಿಯ ಒದ್ದೆ ಬಂಗುಡೆಗಳನ್ನು ಅಳೆದಿದ್ದೆವು. ಜೋಡಣೆಗಳು ನುಂಗುವ ಶಕ್ತಿಯನ್ನು ಇದ್ದದ್ದಕ್ಕಿಂತ ಹೆಚ್ಚು ಎಂದು ಬರೆದಿದ್ದೆ. ಆ ಹೆಚ್ಚಳ ಮಳೆಯ ನೀರು.

ಲೆಕ್ಕ ಮತ್ತೆ ಮಾಡಿದೆ. ಗೋಪುರದ ಅಲುಗಾಟ ಹೆಚ್ಚಾದದ್ದು ಸ್ವಲ್ಪವೇ. ಆದರೆ ಯಾದೃಚ್ಛಿಕ ಕಂಪನದ ಕಷ್ಟ ಇರುವುದೇ ಇಲ್ಲಿ. ಸರಾಸರಿ ಸ್ವಲ್ಪ ಏರಿದರೆ ಮಿತಿ ದಾಟುವ ಸಲಗಳು ಎರಡು ಮೂರು ಪಟ್ಟಾಗುತ್ತವೆ. ದಾಟಿದ ಪ್ರತಿ ಸಲವೂ ಬೋಲ್ಟು ಒಂದಿಷ್ಟು ಸಡಿಲವಾಗುತ್ತದೆ. ಸಡಿಲವಾದಷ್ಟು ಬಂಗುಡೆ ಬಡಕಲಾಗುತ್ತದೆ, ಬಡಕಲಾದಷ್ಟು ಗೋಪುರ ಇನ್ನೂ ಅಲುಗುತ್ತದೆ. ಅಂಚಿನಲ್ಲಿದ್ದದ್ದು ಅಂಚಿನಿಂದ ಹೊರಗೆ ಹೋಗಿತ್ತು.

ಹಂಪನಕಟ್ಟೆಗೆ ಹೋಗಿ ಕಾಮತ್ ಸರ್ ಮುಂದೆ ಎರಡೂ ಲೆಕ್ಕಗಳನ್ನು ಇಟ್ಟೆ. ಅವರು ಕನ್ನಡಕ ತೆಗೆದರು.

"ಕಲ್ಲಿದ್ದಲು ಒದ್ದೆಯಾದ್ರೆ ಭಾರ ಅಂತ ಹಾಕಿದ್ದೀರಿ. ಕಾಗದ ಒದ್ದೆಯಾದ್ರೆ?"

"ಹೊಳೆಯಲಿಲ್ಲ ಸರ್."

ಒರೆಸಿದರು. "ಆ ಚೀಟಿ ಯಾರ ಅಕ್ಷರ?"

"ನಿಮ್ಮದು ಸರ್."

ಒರೆಸಿದ್ದನ್ನೇ ಮತ್ತೆ ಒರೆಸಿದರು. ಈ ಸಲ ಕೋಪ ಯಾರ ಮೇಲೆ ಎಂದು ನನಗೆ ತಿಳಿಯಲಿಲ್ಲ. ಕನ್ನಡಕ ಹಾಕಿಕೊಂಡು ಎದ್ದು ಕೊಡೆ ತೆಗೆದುಕೊಂಡರು. "ಬನ್ನಿ, ಹೋಗುವ," ಎಂದರು. ಫೋನಿನಲ್ಲಿ ಹೇಳುವ ವಿಷಯ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಫೋನು ಮಾಡಿ ಮೊದಲು ಜರಡಿ ನಿಲ್ಲಿಸಿ ಎಂದಾದರೂ ಹೇಳಬೇಕಿತ್ತು ಎಂದು ಹೊಳೆದದ್ದು ಬಸ್ಸು ಹೊರಟ ಮೇಲೆ. ತಪ್ಪಿನ ಮೇಲೆ ತಪ್ಪು ಹೀಗೇ ಬರುವುದು.

ಬಸ್ಸಿನಲ್ಲಿ ಸರ್ ಎರಡು ಸಲ ಮೆಲ್ಲಗೆ, "ಉಪಕರಣದ ದೋಷ ಅಂತ ಹೇಳಬಹುದಾ?" ಎಂದು ಕೇಳಿದರು. ನಾನು ಕಿಟಕಿಯ ಹೊರಗೆ ನೋಡಿದೆ. ಕೂಳೂರು ಸೇತುವೆ ದಾಟುವಾಗ ಅವರೇ, "ಬೇಡ. ತಕ್ಕಡಿ ಪಾಪ, ಸರಿಯಾಗೇ ತೂಗಿದ್ದು" ಎಂದರು. ಆ ಮನುಷ್ಯನ ಮೇಲೆ ನನಗೆ ಅಷ್ಟು ಗೌರವ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಯಾರ್ಡಿನ ಮ್ಯಾನೇಜರಿಗೆ ನಮ್ಮ ಮಾತು ಕೇಳುವ ಮನಸ್ಸಿರಲಿಲ್ಲ. ಹಡಗು ಬಂದು ನಿಂತಿತ್ತು. "ನಿಮ್ಮದೇ ವರದಿ ಉಂಟಲ್ಲ? ಇದು ನಿಮ್ಮದೇ ಸಹಿ ಅಲ್ವಾ?" ಎಂದು ಕಾಗದ ತೆಗೆದು ನನ್ನ ಮುಂದೆಯೇ ಹಿಡಿದರು. ಗೋಪುರ ನಮ್ಮ ಬೆನ್ನ ಹಿಂದೆ ನಡುಗುತ್ತಿತ್ತು. ಚಾ ಹೊತ್ತಾಯಿತು. ಆರು ಜನ ಮೆಟ್ಟಿಲು ಇಳಿದು ಓಡಿ ಬಂದರು. ನಾನು ಮ್ಯಾನೇಜರನ್ನು ಬಿಟ್ಟು ನೇರ ಸಂಜೀವಣ್ಣನ ಹತ್ತಿರ ಹೋದೆ. ಕಾಗದ ಮಳೆಗೆ ನೀರು ಕುಡಿದದ್ದು, ನಾನು ಅದನ್ನು ನೋಡದೆ ತೂಗಿದ್ದ ವಿಷಯ, ಗೋಪುರ ಬರೆದಷ್ಟು ಗಟ್ಟಿ ಇಲ್ಲ ಎನ್ನುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಗ್ಲಾಸು ಕೆಳಗಿಟ್ಟರು.

"ಎಷ್ಟು ದಿನ ಆಯ್ತು ನಾವು ನಿಂತದ್ದು?"

"ಹದಿನೆಂಟು."

"ಗೋಪುರ ಇನ್ನೂ ಎಷ್ಟು ದಿನ ನಿಲ್ತಿತ್ತು?"

"ಗೊತ್ತಿಲ್ಲ ಸಂಜೀವಣ್ಣ. ಇವತ್ತು ಹೋಗ್ಬಹುದು, ಐದು ವರ್ಷ ಹೋಗದೆ ಇರಬಹುದು. ಇದರಲ್ಲಿ ಯಾರಿಗೂ ಅಷ್ಟೇ ಗೊತ್ತಾಗುದು."

ಅವರು ತಮ್ಮ ಐದು ಜನರ ಕಡೆ ನೋಡಿದರು, ಆಮೇಲೆ ಮ್ಯಾನೇಜರ ಕಡೆ. "ನಿಲ್ಲಬಹುದು ಅಂತ ಇವರು ಹೇಳಿದಾಗ ನಂಬಿ ನಿಂತೆ. ಬೇಡ ಅಂತ ಹೇಳುವಾಗ ನಂಬದೆ ಇರುದು ಹೇಗೆ? ನಾವು ಹತ್ತುದಿಲ್ಲ ಸ್ವಾಮಿ." ಮತ್ತೆ ಗ್ಲಾಸು ಕೈಗೆತ್ತಿಕೊಂಡರು. ಜರಡಿ ನಿಂತಿತು.

ಮಧ್ಯಾಹ್ನ ಜೋಡಣೆಗಳನ್ನು ಒಂದೊಂದಾಗಿ ನೋಡಿದೆವು. ಕಡಲ ಕಡೆಯ ಮೂರು ಕಡೆ ಬೋಲ್ಟುಗಳು ಕೈಯಲ್ಲೇ ತಿರುಗುತ್ತಿದ್ದವು. ಜೋಡಣೆಯ ಒಂದು ಉಕ್ಕಿನ ತಗಡಿನಲ್ಲಿ ಕೂದಲಿನಷ್ಟು ಸಪೂರದ ಬಿರುಕು ಮೂಡಿತ್ತು. ಸಂಜೀವಣ್ಣ ಅದರ ಮೇಲೆ ಬೆರಳು ಎಳೆದು, "ನಾಲ್ಕು ದಿನದಿಂದ ಕಾಲಿಗೆ ಬೇರೆ ತರ ಆಗ್ತಿತ್ತು. ನೀವು ಬರೆದು ಕೊಟ್ಟಿದ್ದೀರಲ್ಲ, ನನ್ನ ಕಾಲೇ ತಪ್ಪಿರಬೇಕು ಅಂತ ಸುಮ್ಮನಿದ್ದೆ" ಎಂದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ಕೇಳಿ ನನಗೆ ಅಲ್ಲೇ, ಎಲ್ಲರ ಎದುರಿಗೇ ಅಳು ಬಂತು. ಕಾಮತ್ ಸರ್ ತಮ್ಮ ಕನ್ನಡಕ ಒರೆಸುವ ಬಟ್ಟೆಯನ್ನು ನನಗೆ ಕೊಟ್ಟರು.

ಗೋಪುರಕ್ಕೆ ಅಡ್ಡ ತೊಲೆಗಳು ಬಂದವು, ಹೊಸ ಬೋಲ್ಟುಗಳು ಬಂದವು. ನಾವು ಎಲ್ಲವನ್ನೂ ಮೊದಲಿನಿಂದ ಅಳೆದೆವು. ಪ್ರತಿ ಲೂಪಿನ ಜೊತೆಗೆ ಅದೇ ಹಾಳೆಯಿಂದ, ಅದೇ ಗಳಿಗೆಯಲ್ಲಿ ಕತ್ತರಿಸಿದ ಚೌಕವನ್ನೂ ತೂಗಿದೆವು. ಏಪ್ರಿಲಿನ ಚೀಟಿಯನ್ನು ಕಾಮತ್ ಸರ್ ತಾವೇ ಉಗುರಿನಿಂದ ಕೆರೆದು ತೆಗೆದರು. ಹೊಸ ವರದಿ ಕೊಟ್ಟಾಗ ಸಂಜೀವಣ್ಣ ಅದನ್ನು ತೆರೆದೂ ನೋಡಲಿಲ್ಲ. "ಇದೆಲ್ಲ ಇರ್ಲಿ. ಚಾಲೂ ಮಾಡುವ ದಿನ ನೀವೂ ಮೇಲೆ ಬನ್ನಿ" ಎಂದರು. ಸಹಿ ಹಾಕಿದವರು ಮೊದಲ ಓಟಕ್ಕೆ ಮೇಲೆ ನಿಲ್ಲಬೇಕು ಎಂಬ ಕ್ರಮ ನಮ್ಮ ಆಫೀಸಿಗೆ ಬಂದದ್ದು ಹೀಗೆ. ನಿಮಗೆ ಅದು ನಿಯಮದ ಪುಸ್ತಕದಲ್ಲಿ ಸಿಗುವುದಿಲ್ಲ, ಆದರೆ ನೀವೂ ನಿಲ್ಲಬೇಕು.

ಆ ದಿನ ಮಳೆ ಬಿಟ್ಟಿತ್ತು. ಕಾಮತ್ ಸರ್‌ಗೆ ಎತ್ತರ ಎಂದರೆ ತಲೆ ತಿರುಗುತ್ತದೆ ಎಂದು ಅವತ್ತೇ ಗೊತ್ತಾದದ್ದು. ಮೊದಲ ಅಂತಸ್ತಿನ ತನಕ ಕಣ್ಣು ಮುಚ್ಚಿಕೊಂಡು ಬಂದು, ಕಂಬ ತಬ್ಬಿಕೊಂಡು, "ಮಾದರಿಗೆ ಇಲ್ಲಿಂದಲೇ ಬೆಂಬಲ ಕೊಡ್ತೇನೆ" ಎಂದರು. ನಾನು ಮೇಲೆ ಹತ್ತಿದೆ. ಆರು ಜನ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು. ನನಗೆಂದು ಜರಡಿಯ ಪಕ್ಕದಲ್ಲೇ ಜಾಗ ಬಿಟ್ಟಿದ್ದರು. ಹಲಗೆಯ ಸಂದಿನಲ್ಲಿ ಕೆಳಗೆ ತುಂಬ ದೂರದಲ್ಲಿ ನೆಲ ಕಾಣುತ್ತಿತ್ತು. ಕೆಳಗಿನವನಿಗೆ ಸನ್ನೆ ಮಾಡಲು ಕೈ ಎತ್ತಿದ ಸಂಜೀವಣ್ಣ ಅರ್ಧದಲ್ಲೇ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಹೆದರಿಕೆ ಉಂಟಾ ಮೇಡಂ?"

ಇಲ್ಲ ಎನ್ನಬೇಕೆಂದುಕೊಂಡೆ.

"ಉಂಟು," ಎಂದೆ.

"ಹಾಗಾದ್ರೆ ಈ ಸಲ ಸರಿ ತೂಗಿರ್ತೀರಿ," ಎಂದು ಅವರು ಕೈ ಬೀಸಿದರು.